ಮಾಂಸಖಂಡದ ಸುದ್ದಿ ರಕ್ತದಲ್ಲಿ



ಲ್ಯಾಬಿನಿಂದ ರಿಪೋರ್ಟ್ ಬಂತೆಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಯ ಮೇಲೆ. ಸಕ್ಕರೆ, ಕೊಲೆಸ್ಟ್ರಾಲ್, ಹಿಮೋಗ್ಲೋಬಿನ್‌ಗಳ ಲೆಕ್ಕ ಈಗ ಮನೆಮಾತು. ಡಾಕ್ಟರನ್ನು ಕಾಣುವ ಮೊದಲೇ ಮಾವನೋ ಚಿಕ್ಕಪ್ಪನೋ ತೀರ್ಪು ಕೊಟ್ಟಿರುತ್ತಾರೆ. ಆದರೆ ಸಿಪಿಕೆ ಎಂಬ ಸಾಲಿನ ಮುಂದೆ 12,000 ಎಂದಿದ್ದರೆ ಇಡೀ ಮನೆ ಸುಮ್ಮನಾಗುತ್ತದೆ. ಇರಬೇಕಾದದ್ದು 200ರ ಆಸುಪಾಸು ಎಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ಸಕ್ಕರೆ ಇಷ್ಟು ಪಟ್ಟು ಏರಿದರೆ ಮನುಷ್ಯ ಉಳಿಯುವುದಿಲ್ಲ. ಸಿಪಿಕೆ ಅಷ್ಟು ಏರಿದ ಹುಡುಗ ಮಾತ್ರ ಎದುರಿಗೇ ಬೆಂಚಿನ ಮೇಲೆ ಕಾಲು ಆಡಿಸುತ್ತಾ ಕೂತಿರುತ್ತಾನೆ. ಈ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದೇ ಇವತ್ತಿನ ನನ್ನ ಮಾತು.

ಸಿಪಿಕೆ ಎಂದರೆ ಕ್ರಿಯಾಟಿನ್ ಫಾಸ್ಫೋಕೈನೇಸ್ ಎಂಬ ಕಿಣ್ವ. ಈಚೆಗೆ ಕ್ರಿಯಾಟಿನ್ ಕೈನೇಸ್, ಸಿಕೆ ಎಂದಷ್ಟೇ ಬರೆಯುತ್ತಾರೆ, ಎರಡೂ ಒಂದೇ. ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ಬೇರೆ, ಇದು ಬೇರೆ. ಹೆಸರು ಹತ್ತಿರವಿರುವುದರಿಂದ ಒಂದರ ಬದಲು ಇನ್ನೊಂದನ್ನು ಮಾಡಿಸಿಕೊಂಡು ಬರುವವರೂ ಇದ್ದಾರೆ. ಸ್ನಾಯು ಬಿಗಿಯಬೇಕಾದರೆ ಅದಕ್ಕೆ ಎಟಿಪಿ ಎಂಬ ಅಣುವಿನಿಂದ ಶಕ್ತಿ ಸಿಗಬೇಕು. ಬಸ್ಸು ಹೊರಟಿತೆಂದು ನೀವು ಓಡಿದಿರಿ ಎನ್ನಿ, ಕಾಲಿನ ಸ್ನಾಯುವಿನಲ್ಲಿರುವ ಎಟಿಪಿ ಕೆಲವೇ ಸೆಕೆಂಡಿಗೆ ಸಾಲುವಷ್ಟು. ಆದರೂ ನೀವು ನಡುದಾರಿಯಲ್ಲಿ ಕುಸಿಯುವುದಿಲ್ಲ. ಏಕೆಂದರೆ ಸ್ನಾಯು ಫಾಸ್ಫೋಕ್ರಿಯಾಟಿನ್ ಎಂಬ ಇನ್ನೊಂದು ರೂಪದಲ್ಲಿ ಶಕ್ತಿಯನ್ನು ಕೂಡಿಟ್ಟುಕೊಂಡಿದೆ. ಅದರಿಂದ ಫಾಸ್ಫೇಟನ್ನು ತೆಗೆದು ಖರ್ಚಾದ ಎಟಿಪಿಯನ್ನು ಮತ್ತೆ ತುಂಬಿಸುವ ಕೆಲಸ ನಮ್ಮ ಈ ಕಿಣ್ವದ್ದು. ಆ ಫಾಸ್ಫೋಕ್ರಿಯಾಟಿನ್ ಬೆಳಕಿಗೆ ಬಂದದ್ದು 1927ರಲ್ಲಿ. ಇಂಗ್ಲೆಂಡಿನ ಎಗ್ಲ್‌ಟನ್ ದಂಪತಿ ಒಂದು ಕಡೆ, ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಮತ್ತು ಯಲ್ಲಾಪ್ರಗಡ ಸುಬ್ಬರಾವ್ ಇನ್ನೊಂದು ಕಡೆ ಅದನ್ನು ಕಂಡುಹಿಡಿದರು. ಈ ಸುಬ್ಬರಾವ್ ಹುಟ್ಟಿದ್ದು ನಮ್ಮ ಪಕ್ಕದ ಆಂಧ್ರದ ಭೀಮಾವರದಲ್ಲಿ. ಫಾಸ್ಫೇಟ್ ಅಳೆಯುವ ಫಿಸ್ಕೆ–ಸುಬ್ಬರಾವ್ ವಿಧಾನವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಈ ತೆಲುಗು ಹುಡುಗನ ಕಥೆ ಬಲ್ಲರೋ ಕಾಣೆ.

ಈ ಕಿಣ್ವಕ್ಕೆ ರಕ್ತದಲ್ಲಿ ಯಾವ ಕೆಲಸವೂ ಇಲ್ಲ. ಅದು ಇರಬೇಕಾದ ಜಾಗ ಸ್ನಾಯುವಿನ ಕೋಶದ ಒಳಗೆ. ಕೋಶದ ಪೊರೆ ಹರಿದಾಗ ಆಚೆಗೆ ಬಂದು ರಕ್ತ ಸೇರುತ್ತದೆ. ದಾರಿಯುದ್ದಕ್ಕೂ ಅಕ್ಕಿಕಾಳು ಚೆಲ್ಲಿದ್ದರೆ ಯಾವುದೋ ಮೂಟೆ ತೂತಾಗಿದೆ ಎಂದು ತಿಳಿಯುತ್ತದೆ. ಅದು ಯಾರ ಮೂಟೆ, ಇಲಿ ಕಡಿದದ್ದೋ ಮೊಳೆ ತಾಗಿದ್ದೋ ಎಂಬುದು ಕಾಳು ಎಣಿಸಿದರೆ ತಿಳಿಯುವುದಿಲ್ಲ. ಸಿಪಿಕೆಯ ಶಕ್ತಿಯೂ ಮಿತಿಯೂ ಇಷ್ಟೇ. ಸ್ನಾಯು ಸೋರುತ್ತಿದೆ ಎಂದು ಹೇಳುವುದರಲ್ಲಿ ಅದು ಚುರುಕು. ಏಕೆ ಸೋರುತ್ತಿದೆ ಎಂಬ ಪ್ರಶ್ನೆಗೆ ಉತ್ತರ ರೋಗಿಯ ಮೈಯಲ್ಲಿ, ಅವನ ಕಥೆಯಲ್ಲಿ ಇರುತ್ತದೆ.

ರಕ್ತದ ಕಿಣ್ವ ನೋಡಿ ಅಂಗದ ಏಟು ತಿಳಿಯುವ ವಿದ್ಯೆ ಹಳೆಯದೇನೂ ಅಲ್ಲ. ನ್ಯೂಯಾರ್ಕಿನಲ್ಲಿ ಲಾಡ್ಯೂ, ವ್ರೊಬ್ಲೆವ್ಸ್ಕಿ, ಕಾರ್ಮೆನ್ ಎಂಬ ಮೂವರು 1954ರಲ್ಲಿ ಒಂದು ಸಂಗತಿ ತೋರಿಸಿದರು. ಹೃದಯಾಘಾತವಾದವರ ರಕ್ತದಲ್ಲಿ ಎಸ್‌ಜಿಒಟಿ ಎಂಬ ಕಿಣ್ವ ಏರುತ್ತದೆ ಎಂಬುದು ಅದು. ಇಂದು ನಾವೆಲ್ಲ ಲಿವರ್ ಟೆಸ್ಟ್ ಎಂದು ಕರೆಯುವ ಪಟ್ಟಿಯಲ್ಲಿರುವ ಅದೇ ಎಸ್‌ಜಿಒಟಿ. ಅದರ ವೈದ್ಯಕೀಯ ಬದುಕು ಶುರುವಾದದ್ದು ಹೃದಯದ ಸ್ನಾಯುವಿನಿಂದ ಎಂಬುದನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ. ಸುಮಾರು ಅದೇ ಕಾಲಕ್ಕೆ ಪ್ಯಾರಿಸಿನಲ್ಲಿ ಶಪೀರಾ ಮತ್ತು ಡ್ರೇಫಸ್ ಆಲ್ಡೊಲೇಸ್ ಎಂಬ ಇನ್ನೊಂದು ಕಿಣ್ವ ಸ್ನಾಯುಕ್ಷಯದಲ್ಲಿ ಏರುವುದನ್ನು ಕಂಡಿದ್ದರು. ಆದರೆ ಗುರಿಗೆ ಸರಿಯಾಗಿ ತಾಗಿದ ಬಾಣ ಜಪಾನಿನದು. ಟೋಕಿಯೊದ ಸೆತ್ಸುರೊ ಎಬಾಶಿ ಮತ್ತು ಸಂಗಡಿಗರು 1959ರಲ್ಲಿ ಸ್ನಾಯುಕ್ಷಯದ ರೋಗಿಗಳ ರಕ್ತದಲ್ಲಿ ಸಿಪಿಕೆ ವಿಪರೀತ ಏರಿರುವುದನ್ನು ಪ್ರಕಟಿಸಿದರು. ಎಬಾಶಿಯವರ ನಿಜವಾದ ಆಸಕ್ತಿ ಸ್ನಾಯು ಹೇಗೆ ಬಿಗಿಯುತ್ತದೆ, ಹೇಗೆ ಸಡಿಲಗೊಳ್ಳುತ್ತದೆ ಎಂಬ ಮೂಲ ಪ್ರಶ್ನೆಯಲ್ಲಿತ್ತು. ಆ ಹುಡುಕಾಟದಲ್ಲೇ ಕೆಲವು ವರ್ಷಗಳ ನಂತರ ಟ್ರೋಪೋನಿನ್ ಎಂಬ ಪ್ರೋಟೀನನ್ನೂ ಕಂಡುಹಿಡಿದರು. ಇವತ್ತು ಎದೆನೋವೆಂದು ಆಸ್ಪತ್ರೆಗೆ ಓಡಿದವರಿಗೆ ಮೊದಲು ಮಾಡುವ ರಕ್ತಪರೀಕ್ಷೆ ಅದೇ ಟ್ರೋಪೋನಿನ್. ಮೈಯ ಸ್ನಾಯುವಿಗೆ ಒಂದು, ಹೃದಯದ ಸ್ನಾಯುವಿಗೆ ಒಂದು, ಎರಡೂ ಗುರುತುಗಳ ಹಿಂದೆ ಒಬ್ಬನೇ ಮನುಷ್ಯ. ಅವರಿಗೆ ನೊಬೆಲ್ ಬರಲಿಲ್ಲ. ಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಈಗ ಆ ಬೆಂಚಿನ ಮೇಲಿನ ಹುಡುಗನ ಕಡೆಗೆ ಬರೋಣ. ಸ್ನಾಯುಕ್ಷಯದಲ್ಲಿ ಹಲವು ಬಗೆ. ಮಕ್ಕಳಲ್ಲಿ ಹೆಚ್ಚು ಕಾಣುವುದು ಡುಶೆನ್ ಎಂಬ ಫ್ರೆಂಚ್ ವೈದ್ಯನ ಹೆಸರಿನದು. ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಸ್ನಾಯುಕೋಶದ ಪೊರೆಗೆ ಒಳಗಿನಿಂದ ಆನಿಕೆ ಕೊಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಈ ಮಕ್ಕಳಲ್ಲಿ ತಯಾರಾಗುವುದಿಲ್ಲ. ಅದರ ಜೀನನ್ನೂ ಪ್ರೋಟೀನನ್ನೂ ಅಮೆರಿಕದ ಲೂಯಿ ಕಂಕೆಲ್ ಅವರ ತಂಡ 1986–87ರಲ್ಲಿ ಗುರುತಿಸಿತು. ಆನಿಕೆ ಇಲ್ಲದ ಪೊರೆ ಪ್ರತಿ ಸಲ ಸ್ನಾಯು ಬಿಗಿದಾಗಲೂ ಹರಿಯುತ್ತದೆ. ಹೀಗಾಗಿ ಸಿಪಿಕೆ ಹುಟ್ಟಿದ ದಿನದಿಂದಲೇ ಏರಿರುತ್ತದೆ. ಹತ್ತು ಪಟ್ಟು, ಐವತ್ತು ಪಟ್ಟು, ಕೆಲವರಲ್ಲಿ ನೂರು ಪಟ್ಟು. ಮಗುವಿಗೆ ನೋವಿಲ್ಲ, ಜ್ವರವಿಲ್ಲ. ಮೀನಖಂಡ ದಪ್ಪವಾಗಿ ತುಂಬಿಕೊಂಡು ಕಾಣುವುದರಿಂದ, ಹುಡುಗ ಗಟ್ಟಿಮುಟ್ಟಾಗಿದ್ದಾನೆ ಎಂದು ಅಜ್ಜಿ ದೃಷ್ಟಿ ತೆಗೆದಿರುತ್ತಾಳೆ.

ನಡಿಗೆ ತಡ, ಓಡಲು ಬಾರದು, ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕು, ಪದೇಪದೇ ಬೀಳುತ್ತಾನೆ. ನೆಲದಿಂದ ಏಳುವ ರೀತಿಯಲ್ಲೇ ರೋಗ ಎದ್ದು ಕಾಣುತ್ತದೆ. ಮೊದಲು ಬೋರಲಾಗಿ ನೆಲಕ್ಕೆ ಎರಡೂ ಕೈ ಊರುತ್ತಾನೆ, ಸೊಂಟ ಮೇಲೆತ್ತುತ್ತಾನೆ, ಆಮೇಲೆ ಮೊಣಕಾಲು, ತೊಡೆಗಳ ಮೇಲೆ ಒಂದೊಂದಾಗಿ ಕೈ ಊರುತ್ತಾ ತನ್ನ ಮೈಯನ್ನು ತಾನೇ ಹತ್ತಿಕೊಂಡು ನಿಲ್ಲುತ್ತಾನೆ. ಗವರ್ಸ್ ಎಂಬ ಇಂಗ್ಲಿಷ್ ವೈದ್ಯ ಇದನ್ನು 1879ರಲ್ಲಿ ಬರೆದಿಟ್ಟ. ನೆಲದ ಮೇಲೆ ಚಾಪೆ ಹಾಸಿ ಊಟಕ್ಕೆ ಕೂರುವ ಮನೆಗಳಲ್ಲಿ ಇದು ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತದೆ, ಆದರೂ ಸೋಮಾರಿ ಎಂದು ಗದರಿಸಿ ಸುಮ್ಮನಾಗುತ್ತೇವೆ. ಶಾಲೆಯ ಪಿ.ಟಿ. ಮೇಷ್ಟ್ರು ನಾಲ್ಕು ಸುತ್ತು ಹೆಚ್ಚು ಓಡಿಸುವುದೂ ಉಂಟು.

ಇಷ್ಟರಲ್ಲಿ ಹುಡುಗನಿಗೆ ಜ್ವರವೋ ವಾಂತಿಯೋ ಬಂದು ಯಾರೋ ರಕ್ತಪರೀಕ್ಷೆ ಮಾಡಿಸುತ್ತಾರೆ. ಪಟ್ಟಿಯಲ್ಲಿ ಎಸ್‌ಜಿಒಟಿ 250, ಎಸ್‌ಜಿಪಿಟಿ 300. ಲಿವರ್ ಊದಿದೆ, ಕಾಮಾಲೆ ಶುರುವಾಗಿದೆ ಎಂಬ ಮಾತು ಹಬ್ಬಿದ ಮೇಲೆ ಕೇಳಬೇಕೆ? ಎಣ್ಣೆ ಬಂದ್, ತುಪ್ಪ ಬಂದ್, ಬೆಳಗಾದರೆ ನೆಲನೆಲ್ಲಿ ರಸ, ವಾರಕ್ಕೊಮ್ಮೆ ಪಕ್ಕದೂರಿನ ನಾಟಿ ವೈದ್ಯರ ಪುಡಿ. ತಿಂಗಳಾದ ಮೇಲೆ ಮತ್ತೆ ಪರೀಕ್ಷೆ, ಅಂಕಿ ಅಲ್ಲೇ. ದೊಡ್ಡ ಊರಿನ ಆಸ್ಪತ್ರೆಗಳಲ್ಲೂ ಇಂಥ ಮಕ್ಕಳಿಗೆ ಹೆಪಟೈಟಿಸ್‌ನ ಎಲ್ಲ ಪರೀಕ್ಷೆಯೂ ಮುಗಿದು, ಲಿವರ್‌ಗೆ ಸೂಜಿ ಹಾಕಿ ಚೂರು ತೆಗೆದ ಮೇಲೆ ರೋಗ ಸ್ನಾಯುವಿನದು ಎಂದು ತಿಳಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ನೆನಪಿಡಿ ಎಂದದ್ದು ಇದಕ್ಕೇ. ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ ಎರಡೂ ಲಿವರ್‌ನ ಸ್ವತ್ತಲ್ಲ, ಸ್ನಾಯುವಿನಲ್ಲೂ ಇವೆ. ಸ್ನಾಯು ಹರಿದರೆ ಸಿಪಿಕೆಯ ಜೊತೆ ಅವೂ ಹೊರಬರುತ್ತವೆ. ಬಿಲಿರುಬಿನ್ ಸರಿಯಾಗಿದೆ, ಜಿಜಿಟಿ ಎಂಬ ಇನ್ನೊಂದು ಲಿವರ್ ಕಿಣ್ವ ಸರಿಯಾಗಿದೆ, ಆದರೆ ಈ ಎರಡು ಮಾತ್ರ ತಿಂಗಳುಗಟ್ಟಲೆ ಏರಿಯೇ ಇವೆ ಎಂದಾದರೆ ಲಿವರ್ ಬಿಟ್ಟು ಸ್ನಾಯುವಿನ ಕಡೆ ನೋಡಬೇಕು. ಅದನ್ನು ನಿರ್ಧರಿಸಲು ಬೇಕಾದದ್ದು ಒಂದು ಸಿಪಿಕೆ. ಖಾಲಿ ಹೊಟ್ಟೆಯೂ ಬೇಡ.

ಸಿಪಿಕೆ ಸಾವಿರಗಳಲ್ಲಿ ಬಂತೆಂದರೆ ಮುಂದಿನದು ಜೀನ್ ಪರೀಕ್ಷೆ. ಮೂರರಲ್ಲಿ ಎರಡು ಪಾಲು ಮಕ್ಕಳಲ್ಲಿ ಆ ಜೀನಿನ ಒಂದು ತುಂಡೇ ಇರುವುದಿಲ್ಲ, ರಕ್ತದಲ್ಲೇ ಅದು ಗೊತ್ತಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಸ್ನಾಯುರೋಗಗಳನ್ನೇ ನೋಡುವ ತಜ್ಞರಿದ್ದಾರೆ. ರೋಗ ಬುಡಸಮೇತ ಹೋಗುವ ಔಷಧಿ ಇನ್ನೂ ಇಲ್ಲ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಸ್ಟೆರಾಯ್ಡ್ ಮಾತ್ರೆಗಳಿಂದ ಹುಡುಗ ನಡೆಯುವ ವರ್ಷಗಳು ಹೆಚ್ಚುತ್ತವೆ. ಹೃದಯ, ಉಸಿರು, ಬೆನ್ನುಮೂಳೆಗಳ ಮೇಲೆ ಕಣ್ಣಿಟ್ಟು ಮೊದಲೇ ಎಚ್ಚರ ವಹಿಸಬಹುದು. ಇನ್ನೊಂದು ಮಾತು ಹೆಚ್ಚು ಜನಕ್ಕೆ ಗೊತ್ತಿಲ್ಲ. ಇಂಥ ಹುಡುಗನಿಗೆ ಟಾನ್ಸಿಲ್ಲೋ ಹರ್ನಿಯಾವೋ ಆಪರೇಷನ್ ಎಂದಾಗ, ಅರಿವಳಿಕೆಗೆ ಬಳಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಸ್ನಾಯುಗಳನ್ನು ಒಮ್ಮೆಲೇ ಒಡೆದು, ರಕ್ತದಲ್ಲಿ ಪೊಟ್ಯಾಸಿಯಂ ಏರಿಸಿ ಹೃದಯವನ್ನೇ ನಿಲ್ಲಿಸಬಹುದು. ರೋಗ ಗೊತ್ತಿದ್ದರೆ ಅರಿವಳಿಕೆ ತಜ್ಞರು ಬೇರೆ ಔಷಧಿ ಆರಿಸಿಕೊಳ್ಳುತ್ತಾರೆ.

ರೋಗದ ಹೆಸರು ಗೊತ್ತಾದ ದಿನ ಮನೆಯಲ್ಲಿ ಇನ್ನೊಂದು ಗಾಯವಾಗುತ್ತದೆ. ಜೀನು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಅದು ಗಂಡುಮಗುವಿಗೆ ತಾಯಿಯಿಂದ ಬರುತ್ತದೆ ಎಂದು ಹೇಳಿದ ಕೂಡಲೇ ಸೊಸೆಯ ಕಡೆ ಎಲ್ಲರೂ ತಿರುಗಿ ನೋಡುತ್ತಾರೆ. ಸುಮಾರು ಮೂರರಲ್ಲೊಂದು ಪಾಲು ಮಕ್ಕಳಲ್ಲಿ ದೋಷ ಹೊಸದಾಗಿ ಹುಟ್ಟಿಕೊಂಡದ್ದು, ತಾಯಿಯಲ್ಲಿ ಇರುವುದೇ ಇಲ್ಲ. ಇದ್ದರೂ ಅದು ಆಕೆ ಮಾಡಿಕೊಂಡದ್ದಲ್ಲ. ಜೀನ್ ಪರೀಕ್ಷೆ ಬರುವ ಮುಂಚೆ ತಾಯಿ, ಚಿಕ್ಕಮ್ಮ, ಅಕ್ಕತಂಗಿಯರ ಸಿಪಿಕೆ ನೋಡಿಯೇ ವಾಹಕರನ್ನು ಹುಡುಕುತ್ತಿದ್ದರು. ವಾಹಕ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಅದು ಸ್ವಲ್ಪ ಏರಿರುತ್ತದೆ, ಎಲ್ಲರಿಗೂ ಅಲ್ಲ. ಆದ್ದರಿಂದ ಈಗ ಸಿಪಿಕೆ ಸರಿ ಇದೆ ಎಂಬ ಒಂದೇ ಆಧಾರದ ಮೇಲೆ ಯಾರಿಗೂ ಅಭಯ ಕೊಡಬಾರದು.

ಇದೇ ರೋಗ ಇನ್ನೊಂದು ಪಾಠ ಹೇಳುತ್ತದೆ. ಮೂರನೇ ವಯಸ್ಸಿನಲ್ಲಿ 20,000 ಇದ್ದ ಸಿಪಿಕೆ ಹದಿನಾರಕ್ಕೆ 2,000ಕ್ಕೆ ಇಳಿದಿರುತ್ತದೆ. ಯಾವುದೋ ಊರಿನ ಯಾವುದೋ ಚಿಕಿತ್ಸೆಯಿಂದ ಇಳಿಯಿತು ಎಂದು ನಂಬಿಸುವವರಿದ್ದಾರೆ, ಹಣ ಕೀಳುವವರೂ ಇದ್ದಾರೆ. ಅಂಕಿ ಇಳಿದದ್ದು ಸೋರಲು ಸ್ನಾಯುವೇ ಉಳಿಯದ್ದರಿಂದ. ಚಿಕಿತ್ಸೆಗೆ ಫಲ ಸಿಕ್ಕಿತೇ ಎಂದು ನೋಡಬೇಕಾದದ್ದು ಹುಡುಗ ಎಷ್ಟು ಹೊತ್ತಿನಲ್ಲಿ ನೆಲದಿಂದ ಏಳುತ್ತಾನೆ, ಎಷ್ಟು ದೂರ ನಡೆಯುತ್ತಾನೆ ಎಂಬುದನ್ನು.

ಸ್ನಾಯು ನಿಧಾನವಾಗಿ ಸವೆಯುವ ಮಾತು ಇಲ್ಲಿಗೆ ಬಿಡೋಣ. ಒಮ್ಮೆಲೇ ಒಡೆಯುವುದೂ ಉಂಟು, ಆಗ ಪೆಟ್ಟು ಬೀಳುವುದು ಕಿಡ್ನಿಗೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ, ಕುಸಿದ ಕಟ್ಟಡದಡಿ ಗಂಟೆಗಟ್ಟಲೆ ಕಾಲು ಸಿಕ್ಕಿಕೊಂಡವರನ್ನು ಎಳೆದು ತಂದರೆ ಆಸ್ಪತ್ರೆಯಲ್ಲಿ ಮೊದಲು ಚೆನ್ನಾಗಿಯೇ ಇರುತ್ತಿದ್ದರು. ಆಮೇಲೆ ಮೂತ್ರ ಕಪ್ಪಗಾಗಿ, ಕಡಿಮೆಯಾಗಿ, ಸುಮಾರು ಒಂದು ವಾರದಲ್ಲಿ ಸಾಯುತ್ತಿದ್ದರು. ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು 1941ರಲ್ಲಿ ಇದನ್ನು ವಿವರಿಸಿದರು. ಜಜ್ಜಿದ ಸ್ನಾಯುವಿನಿಂದ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ಹೊರಬಂದು ಮೂತ್ರಪಿಂಡದ ನಾಳಗಳನ್ನು ಕೆಡಿಸುತ್ತದೆ. ಟರ್ಕಿಯ 1999ರ ಮರ್ಮರ ಭೂಕಂಪದ ನಂತರ ಹೀಗೆ ಕಿಡ್ನಿ ಕೆಟ್ಟವರೇ ಆರುನೂರಕ್ಕಿಂತ ಹೆಚ್ಚು. ಅದರಿಂದ ಕಲಿತದ್ದು, ಅವಶೇಷದಡಿ ಸಿಕ್ಕವರನ್ನು ಹೊರಗೆಳೆಯುವ ಮೊದಲೇ ಕೈಗೆ ಡ್ರಿಪ್ ಹಾಕಬೇಕು ಎಂಬುದನ್ನು. ಮಯೋಗ್ಲೋಬಿನ್ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಮಾಯವಾಗುತ್ತದೆ. ಸಿಪಿಕೆ ಹಾಗಲ್ಲ, ಒಂದರಿಂದ ಮೂರು ದಿನದಲ್ಲಿ ತುದಿ ಮುಟ್ಟಿ ಆಮೇಲೆ ದಿನಕ್ಕೆ ಅರ್ಧದಷ್ಟು ಇಳಿಯುತ್ತದೆ. ಆದ್ದರಿಂದ ತಡವಾಗಿ ಬಂದವರಲ್ಲೂ ಅದು ಸಾಕ್ಷಿ ಹೇಳುತ್ತದೆ. 1,000 ದಾಟಿದರೆ ಎಚ್ಚರ, 5,000 ದಾಟಿದರೆ ಕಿಡ್ನಿಯ ಮೇಲೆ ಕಣ್ಣು ಎಂಬುದು ನಾವು ಇಟ್ಟುಕೊಂಡಿರುವ ಸ್ಥೂಲ ಲೆಕ್ಕ.

ಬಾಂಬು, ಭೂಕಂಪವೇ ಆಗಬೇಕೆಂದಿಲ್ಲ. ಕರಾವಳಿಯಲ್ಲಿ ಬಲೆ ಎಳೆಯುವಾಗ ಕಡಲ ಹಾವು ಕಚ್ಚುವುದುಂಟು. ಕಚ್ಚಿದ ಕಡೆ ನೋವಾಗಲಿ ಊತವಾಗಲಿ ಹೆಚ್ಚಿರುವುದಿಲ್ಲ, ಹಲವರು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಒಂದೆರಡು ಗಂಟೆಯಲ್ಲಿ ಮೈಯೆಲ್ಲ ಬಿಗಿದು ನೋಯುತ್ತದೆ, ಆಮೇಲೆ ಮೂತ್ರ ಕಂದುಬಣ್ಣಕ್ಕೆ ತಿರುಗುತ್ತದೆ. ವಿಷ ಸ್ನಾಯುವನ್ನು ಕರಗಿಸುತ್ತಿದೆ ಎಂದರ್ಥ. ನಮ್ಮ ದೇಶದಲ್ಲಿ ಸಿಗುವ ಹಾವಿನ ಇಂಜೆಕ್ಷನ್ ನೆಲದ ಮೇಲಿನ ನಾಲ್ಕು ಹಾವುಗಳಿಗೆ ಮಾಡಿದ್ದು, ಕಡಲ ಹಾವಿಗಲ್ಲ. ಹಾಗಾಗಿ ಬೇಗ ಆಸ್ಪತ್ರೆ ಸೇರಿ ಕಿಡ್ನಿ ಮತ್ತು ಉಸಿರು ಕಾಯ್ದುಕೊಳ್ಳುವುದೇ ದಾರಿ. ನಗರಗಳಲ್ಲಿ ಇದೇ ಕಪ್ಪು ಮೂತ್ರದ ಜೊತೆ ಬರುವವರು ಜಿಮ್ಮಿಗೆ ಹೊಸದಾಗಿ ಸೇರಿದ ಹುಡುಗರು. ಮದುವೆಗೆ ಒಂದೂವರೆ ತಿಂಗಳಿದೆ, ಅಷ್ಟರಲ್ಲಿ ಮೈಕಟ್ಟು ಬರಬೇಕು ಎಂದು ಮೊದಲ ದಿನವೇ ನೂರಾರು ಬಸ್ಕಿ ಹೊಡೆದವರು. ಮೈಕೈ ನೋವು ಸಹಜ. ಮೂತ್ರ ಕೋಲಾ ಬಣ್ಣಕ್ಕೆ ಬಂದರೆ ಮಾತ್ರ ಅದು ಸಹಜವಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ನೋವಿನ ಮಾತ್ರೆ ನುಂಗಿ ಮಲಗಿದರೆ ಕಿಡ್ನಿಗೆ ಎರಡನೇ ಏಟು.

ಇನ್ನು ದಿನನಿತ್ಯದ ಕ್ಲಿನಿಕ್ಕಿನ ಮಾತು. ನಡುವಯಸ್ಸಿನವರೊಬ್ಬರಿಗೆ ತೊಡೆ, ಭುಜ ನೋವು, ಸುಸ್ತು. ಸಿಪಿಕೆ 600. ಆಗ ನಾನು ಮೊದಲು ಕೇಳುವುದು ಮೂರು ಪ್ರಶ್ನೆ. ಹಿಂದಿನ ವಾರ ಮೈಮುರಿಯುವ ಕೆಲಸ ಮಾಡಿದ್ದೀರಾ? ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಂಡಿದ್ದೀರಾ? ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಹಮಾಲಿ ಕೆಲಸದವರು, ಕಬ್ಬು ಕಡಿಯುವವರು, ಓಟಗಾರರು ಇವರ ಸಿಪಿಕೆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರದಕ್ಕಿಂತ ಹೆಚ್ಚೇ ಇರುತ್ತದೆ. ಗಂಡಸರಿಗೆ ಹೆಂಗಸರಿಗಿಂತ ಹೆಚ್ಚು. ಸ್ನಾಯುವಿಗೆ ಕೊಟ್ಟ ಒಂದು ಇಂಜೆಕ್ಷನ್ ಸಾಕು ಅದನ್ನು ಏರಿಸಲು, ನಮ್ಮ ಜನಕ್ಕೋ ಸೂಜಿ ಚುಚ್ಚದಿದ್ದರೆ ಡಾಕ್ಟರೇ ಅಲ್ಲ. ಅಂಥವರಿಗೆ ಒಂದು ವಾರ ವಿಶ್ರಾಂತಿಯಾದ ಮೇಲೆ ಮತ್ತೆ ನೋಡಿದರೆ ಅರ್ಧ ರೋಗ ತಾನಾಗಿ ವಾಸಿ.

ಮೂರನೇ ಪ್ರಶ್ನೆಗೆ ಬರುವ ಉತ್ತರ ಬಹುಮಟ್ಟಿಗೆ ಕೊಲೆಸ್ಟ್ರಾಲ್ ಮಾತ್ರೆ. ಸ್ಟ್ಯಾಟಿನ್‌ಗಳು ಕೆಲವರಲ್ಲಿ ಸ್ನಾಯುನೋವು ತರುವುದು ನಿಜ, ಅಪರೂಪಕ್ಕೆ ಸ್ನಾಯುವನ್ನೇ ಒಡೆಯುವುದೂ ನಿಜ. ಸೆರಿವಸ್ಟ್ಯಾಟಿನ್ ಎಂಬುದನ್ನು ಇದೇ ಕಾರಣಕ್ಕೆ 2001ರಲ್ಲಿ ಜಗತ್ತಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಈಗ ಬಳಕೆಯಲ್ಲಿರುವವು ಅಷ್ಟು ಒರಟಲ್ಲ. ಸಿಪಿಕೆ ಹತ್ತು ಪಟ್ಟು ಏರಿದರೆ ನಿಲ್ಲಿಸಬೇಕು. ಸ್ವಲ್ಪ ಏರಿತೆಂದು ಹೃದಯಾಘಾತವಾದವರು ತಾವಾಗಿ ಮಾತ್ರೆ ಬಿಡುವುದು ಅಪಾಯ. ಇಲ್ಲಿ ಒಂದು ಕುಣಿಕೆಯಿದೆ. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಕೊಲೆಸ್ಟ್ರಾಲ್ ಏರುತ್ತದೆ, ಸಿಪಿಕೆಯೂ ಏರುತ್ತದೆ, ಸ್ಟ್ಯಾಟಿನ್‌ನ ಸ್ನಾಯುತೊಂದರೆಯೂ ಹೆಚ್ಚುತ್ತದೆ. ಥೈರಾಯ್ಡ್ ನೋಡದೆ ಕೊಲೆಸ್ಟ್ರಾಲಿಗೆ ಮಾತ್ರೆ ಬರೆದರೆ ಒಂದೇ ರೋಗಕ್ಕೆ ಮೂರು ಹೆಸರಾಗುತ್ತದೆ. ಥೈರಾಯ್ಡ್ ಕೊರತೆ ಇಷ್ಟು ಸಾಮಾನ್ಯವಾಗಿರುವ ನಮ್ಮಲ್ಲಿ ಟಿಎಸ್‌ಎಚ್ ನೋಡದೆ ಸ್ನಾಯುರೋಗದ ಮಾತೆತ್ತುವುದು ತಪ್ಪು ಎಂದೇ ನಾನು ಹೇಳುತ್ತೇನೆ.

ಸಿಪಿಕೆ ಸರಿಯಾಗಿದ್ದೂ ಸ್ನಾಯು ಸೋಲಬಹುದು. ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗಿ ನೆಲದಿಂದ ಏಳಲಾಗದ ಹೆಂಗಸರಲ್ಲಿ, ಬಹುಕಾಲ ಸ್ಟೆರಾಯ್ಡ್ ನುಂಗಿ ತೊಡೆ ಸೊರಗಿದವರಲ್ಲಿ, ಸಂಜೆಯಾದಂತೆ ರೆಪ್ಪೆ ಜೋಲುವ ಮಯಸ್ತೇನಿಯಾ ರೋಗದಲ್ಲಿ ಅದು ಏರುವುದೇ ಇಲ್ಲ. ಅವರಿಗೆ ರಿಪೋರ್ಟ್ ನಾರ್ಮಲ್, ನಿಮಗೇನೂ ಇಲ್ಲ ಎಂದು ಹೇಳಿ ಕಳಿಸಬಾರದು.

ಕೊನೆಯದಾಗಿ ತಂದೆತಾಯಿಗಳಲ್ಲಿ, ಅಂಗನವಾಡಿಯ ಅಕ್ಕಂದಿರಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಒಂದೂವರೆ ವರ್ಷವಾದರೂ ನಡೆಯದ ಗಂಡುಮಗು, ಓಡಲು ಬಾರದ ಮೂರು ವರ್ಷದ ಹುಡುಗ, ತೊಡೆಯ ಮೇಲೆ ಕೈ ಊರಿ ಏಳುವವನು, ಯಾವ ಔಷಧಿಗೂ ಇಳಿಯದ ಎಸ್‌ಜಿಒಟಿ, ಎಸ್‌ಜಿಪಿಟಿ ಇರುವವನು ನಿಮ್ಮ ಕಣ್ಣಿಗೆ ಬಿದ್ದರೆ, ಸಿಪಿಕೆ ಮಾಡಿಸೋಣವೇ ಎಂದು ಡಾಕ್ಟರನ್ನು ನೀವೇ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಪರೀಕ್ಷೆಗೆ ಆಗುವುದು ಕೆಲವು ನೂರು ರೂಪಾಯಿ, ಜಿಲ್ಲಾ ಕೇಂದ್ರದ ಯಾವ ಒಳ್ಳೆಯ ಲ್ಯಾಬಿನಲ್ಲೂ ಆಗುತ್ತದೆ.